ಘಟ್ಟ ಇಳಿಯುವ ಮೊದಲು ಬಾನೆಟ್ ಎತ್ತಿ ನೋಡಿ

ತೋಟದಲ್ಲಿ ಒಂದು ಅಡಿಕೆ ಮರದ ಸೋಗೆ ಹಳದಿಯಾದರೆ ನಮಗೆ ದೂರದಿಂದಲೇ ಗೊತ್ತಾಗುತ್ತದೆ. ಹಟ್ಟಿಯಲ್ಲಿ ದನ ಒಂದು ಹೊತ್ತು ಹುಲ್ಲು ಬಿಟ್ಟರೆ ಮನೆಮಂದಿಗೆಲ್ಲ ಚಿಂತೆ. ಆದರೆ ಅಂಗಳದ ಶೆಡ್ಡಿನಲ್ಲಿ ನಿಂತಿರುವ ಕಾರಿನ ಬಾನೆಟ್ ಎತ್ತಿ ನೋಡಿದ್ದು ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೇವೆ. ನಾನೂ ಹಾಗೆಯೇ ಇದ್ದವ. 2014ರ ಏಪ್ರಿಲ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಒಂದು ಪಾಠ ಆಗುವವರೆಗೆ.

ನಮ್ಮದು 2008ರ ಪೆಟ್ರೋಲ್ ಕಾರು. ಮೂರು ವರ್ಷ ಓಡಿದ್ದನ್ನು ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡದ್ದು. ಆ ದಿನ ಮೂಡಿಗೆರೆ ಕಡೆಯ ನೆಂಟರ ಮನೆಯ ಮದುವೆ ಮುಗಿಸಿ ಹಿಂದೆ ಬರುತ್ತಿದ್ದೆವು. ಕಾರಿನಲ್ಲಿ ಅಮ್ಮ, ಹೆಂಡತಿ, ಹತ್ತು ವರ್ಷದ ಮಗಳು, ನೆರೆಮನೆಯ ಭಾವ. ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ, ಕಾಳುಮೆಣಸಿನ ಬಳ್ಳಿಯ ಕಟ್ಟು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಟ್ಟ ಇಳಿಯಲು ಹೊರಟೆವು. ಇಳಿಜಾರು ಸಿಕ್ಕಿದ ಕೂಡಲೇ ನಾನು ಗೇರ್ ತಪ್ಪಿಸಿ ನ್ಯೂಟ್ರಲ್‌ಗೆ ಹಾಕಿದೆ. ಪೆಟ್ರೋಲ್ ಉಳಿಯುತ್ತದೆ ಅಂತ ಲೆಕ್ಕ. ಡ್ರೈವಿಂಗ್ ಕಲಿತ ದಿನದಿಂದ ಇದ್ದ ಅಭ್ಯಾಸ ಅದು. ತಿರುವಿಗೆ ತಿರುವಿಗೆ ಬ್ರೇಕ್ ಒತ್ತುತ್ತಾ ಸುಖವಾಗಿ ಇಳಿಯುತ್ತಿದ್ದೆ.

ಅರ್ಧ ಘಟ್ಟ ಆಗುವಾಗ ಅಮ್ಮ ಕೇಳಿದರು, "ಎಂಥದೋ ಸುಟ್ಟ ವಾಸನೆ ಬರ್ತದಲ್ಲ?" ಹಿಂದಿನ ಲಾರಿಯದ್ದು ಇರಬೇಕು ಎಂದೆ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಕಾರು ನಿಧಾನ ಆಗಲೇ ಇಲ್ಲ. ಆ ತಿರುವು ಹೇಗೆ ದಾಟಿದೆನೋ ನನಗೆ ಈಗಲೂ ಸರಿಯಾಗಿ ನೆನಪಿಲ್ಲ. ಹೆಂಡತಿ ಮಗಳ ತಲೆಯನ್ನು ಮಡಿಲಿಗೆ ಒತ್ತಿ ಹಿಡಿದದ್ದು ಮಾತ್ರ ಕನ್ನಡಿಯಲ್ಲಿ ಕಂಡಿತ್ತು.

ಪಕ್ಕದಲ್ಲಿ ಕೂತಿದ್ದ ಭಾವ ಹಿಂದೆ ಹತ್ತು-ಹನ್ನೆರಡು ವರ್ಷ ಜೀಪು ಓಡಿಸಿದವರು. ಅವರು ಬೊಬ್ಬೆ ಹಾಕಲಿಲ್ಲ. "ಕೀ ಮುಟ್ಟಬೇಡ. ಗೇರಿಗೆ ಹಾಕು, ಮೂರನೆಯದು. ಬ್ರೇಕನ್ನು ಪಂಪ್ ಮಾಡ್ತಾ ಇರು" ಎಂದರು. ಮೂರಕ್ಕೆ ಹಾಕಿದೆ, ಎಂಜಿನ್ ಕಿರುಚಿತು, ಕಾರು ಸ್ವಲ್ಪ ತಡೆಯಿತು. "ಈಗ ಎರಡು." ಎರಡಕ್ಕೆ ಬಂತು. ಪೆಡಲನ್ನು ಪಟಪಟ ಒತ್ತುತ್ತಾ ಇದ್ದಾಗ ನಾಲ್ಕೈದು ಸಲಕ್ಕೊಮ್ಮೆ ತುಸು ಹಿಡಿತ ಸಿಗುತ್ತಿತ್ತು. ಭಾವ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಯೇ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಎಳೆದು ಬಿಡುತ್ತಿದ್ದರು. ಕೊನೆಗೆ ಗುಡ್ಡೆ ಬದಿಯ ಚರಂಡಿಗೆ ಎಡಗಡೆಯ ಎರಡು ಚಕ್ರ ಇಳಿಸಿ, ಮಣ್ಣಿಗೆ ಉಜ್ಜಿ ನಿಲ್ಲಿಸಿದೆವು. ಬಾಗಿಲು ಜಖಂ ಆಯಿತು, ಒಂದು ಕನ್ನಡಿ ಹೋಯಿತು. ಜನರಿಗೆ ಏನೂ ಆಗಲಿಲ್ಲ.

ಇದರಲ್ಲಿ ವಿಚಿತ್ರ ಏನೆಂದರೆ, ಮುಕ್ಕಾಲು ಗಂಟೆ ಬಿಟ್ಟು ಬ್ರೇಕ್ ಒತ್ತಿ ನೋಡಿದರೆ ಪೆಡಲ್ ಗಟ್ಟಿ! ಎಂದಿನಂತೆಯೇ ಇತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಹಾಗಂತ ಅದನ್ನು ನಂಬಿ ಓಡಿಸುವ ಧೈರ್ಯವೂ ಬರಲಿಲ್ಲ. ಉಜಿರೆಯಿಂದ ಮೆಕ್ಯಾನಿಕ್ ಬಂದು ಬ್ರೇಕ್ ಆಯಿಲಿನ ಡಬ್ಬದ ಮುಚ್ಚಳ ತೆಗೆದ. ಕಷಾಯದ ಬಣ್ಣ. "ಅಣ್ಣಾ, ಇದನ್ನು ಯಾವಾಗ ಬದಲಿಸಿದ್ದು?" ಎಂದು ಕೇಳಿದ. ಬ್ರೇಕ್ ಆಯಿಲ್ ಬದಲಿಸಲು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ ಮಾರಾಯ್ರೆ.

ಕುದಿದ ಆಯಿಲ್

ಆ ಮೆಕ್ಯಾನಿಕ್ ಹೇಳಿದ್ದನ್ನು ಮತ್ತೆ ಪುಸ್ತಕ ಓದಿ, ನಾಲ್ಕು ಜನರಲ್ಲಿ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಬ್ರೇಕ್ ಪೆಡಲ್ ಒತ್ತಿದಾಗ ಆ ಒತ್ತಡವನ್ನು ಚಕ್ರದವರೆಗೆ ಸಾಗಿಸುವುದು ಸಪೂರ ಪೈಪಿನೊಳಗಿನ ಆಯಿಲ್. ದ್ರವವನ್ನು ಅಮುಕಿದರೆ ಕುಗ್ಗುವುದಿಲ್ಲ, ಹಾಗಾಗಿ ಒತ್ತಡ ಹಾಗೆಯೇ ಮುಂದೆ ಹೋಗುತ್ತದೆ. ಆದರೆ ಈ ಆಯಿಲಿಗೆ ಒಂದು ಗುಣ ಇದೆ. ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟರೆ ನಮ್ಮ ಮಳೆಗಾಲದಲ್ಲಿ ಏನಾಗುತ್ತದೆ ಗೊತ್ತಲ್ಲ, ಅದೇ ಕತೆ.

ಡಬ್ಬದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಡಾಟ್ 3 ಹೊಸತಿರುವಾಗ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅಳತೆಗೋಲು. ಅದರಲ್ಲಿ ನೂರಕ್ಕೆ ನಾಲ್ಕರಷ್ಟು ನೀರು ಸೇರುವಷ್ಟರಲ್ಲಿ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಹೊಸತಿರುವಾಗ 230, ನೀರು ಸೇರಿದ ಮೇಲೆ 155. ಇಳಿಜಾರಿನಲ್ಲಿ ಐದು ಜನ ಮತ್ತು ಮೂಟೆ ಹೊತ್ತ ಕಾರನ್ನು ಬರೀ ಬ್ರೇಕಿನಲ್ಲಿ ತಡೆದರೆ ಆ ಬಿಸಿಯೆಲ್ಲ ಹೋಗುವುದು ಬ್ರೇಕಿನ ತಟ್ಟೆಗೆ, ಡ್ರಮ್ಮಿಗೆ, ಅಲ್ಲಿಂದ ಆಯಿಲಿಗೆ. ನೀರು ಕುಡಿದ ಆಯಿಲ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆ ಆಗುತ್ತದೆ. ಗುಳ್ಳೆ ಅಮುಕಿದರೆ ಕುಗ್ಗುತ್ತದೆ. ಪೆಡಲ್ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ತಣಿದ ಮೇಲೆ ಆವಿ ಪುನಃ ದ್ರವವಾಗಿ ಎಲ್ಲ ಸರಿಯಾದಂತೆ ಕಾಣುತ್ತದೆ. ಅದು ಸರಿಯಾದದ್ದಲ್ಲ. ಮುಂದಿನ ಇಳಿಜಾರಿಗೆ ಕಾದು ಕೂತದ್ದು.

ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಖರ್ಚು ದೊಡ್ಡದಲ್ಲ. ತೋಟಕ್ಕೆ ಒಂದು ಸಲ ಬೋರ್ಡೋ ಹೊಡೆಯುವ ಖರ್ಚಿನ ಹತ್ತಿರವೂ ಬರುವುದಿಲ್ಲ. ಬದಲಿಸಿದ ತಿಂಗಳನ್ನು ಆಯಿಲ್ ಡಬ್ಬದ ಮೇಲೆಯೇ ಪೈಂಟಿನಲ್ಲಿ ಬರೆದಿಡಿ. ಮುಚ್ಚಳ ಒಡೆದು ಉಳಿದ ಆಯಿಲನ್ನು ಅಟ್ಟದಲ್ಲಿಟ್ಟು ಮುಂದಿನ ವರ್ಷ ಬಳಸುವ ಉಳಿತಾಯ ಬೇಡ. ಡಬ್ಬದಲ್ಲಿ ಮಟ್ಟ ಇಳಿದಿದ್ದರೆ ಬರೇ ತುಂಬಿಸಿ ಸುಮ್ಮನಾಗಬೇಡಿ. ಒಂದೋ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಯಾವ ಕಾರಣಕ್ಕೂ ಎಂಜಿನ್ ಆಯಿಲನ್ನು ಅದಕ್ಕೆ ಹಾಕಬಾರದು. ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಇಡೀ ಬ್ರೇಕ್ ಹಾಳಾಗುತ್ತದೆ.

ನ್ಯೂಟ್ರಲ್ ಉಳಿತಾಯವೂ ಸುಳ್ಳೇ

ಇನ್ನು ನನ್ನ ಪೆಟ್ರೋಲ್ ಉಳಿತಾಯದ ಲೆಕ್ಕ. ಕಾರ್ಬುರೇಟರ್ ಇದ್ದ ಹಳೆಯ ಗಾಡಿಗಳಲ್ಲಿ ನ್ಯೂಟ್ರಲ್‌ನಿಂದ ಸ್ವಲ್ಪ ಉಳಿಯುತ್ತಿತ್ತೋ ಏನೋ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ವಿಷಯ ತಿರುಗಾಮುರುಗ. ಗೇರಿನಲ್ಲೇ ಇಳಿಯುತ್ತಾ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನನ್ನು ಚಕ್ರಗಳೇ ತಿರುಗಿಸುತ್ತವೆ, ಕಂಪ್ಯೂಟರ್ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಬಂದಾಗದಂತೆ ನೋಡಿಕೊಳ್ಳಲು ಪೆಟ್ರೋಲ್ ಸುಡಲೇಬೇಕು. ನಾನು ವರ್ಷಗಟ್ಟಲೆ ಉಳಿಸಿದೆ ಎಂದುಕೊಂಡದ್ದು ಖರ್ಚಿನ ಬಾಬ್ತು!

ಹಳೆಯ ಡ್ರೈವರುಗಳ ಮಾತು ಇಲ್ಲಿ ಸರಿ. ಯಾವ ಗೇರಿನಲ್ಲಿ ಆ ಘಟ್ಟ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ. ವೇಗ ಹತ್ತಿದ ಮೇಲೆ ಇಳಿಸುವುದು ಕಷ್ಟ. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಬೇಕು, ಕಾಲು ಸದಾ ಅದರ ಮೇಲೆ ಊರಿರಬಾರದು. ಬಿಟ್ಟ ಹೊತ್ತಿನಲ್ಲಿ ಗಾಳಿ ತಾಗಿ ತಣಿಯುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಕೂರಿ. ಕಾದ ಡ್ರಮ್ಮಿಗೆ ನೀರು ಹೊಯ್ಯುವುದನ್ನು ನೋಡಿದ್ದೇನೆ, ಅದು ಬಿರಿಯುತ್ತದೆ ಅಥವಾ ತಿರುಚಿಕೊಳ್ಳುತ್ತದೆ.

ಇಷ್ಟಾಗಿಯೂ ಬ್ರೇಕ್ ಹೋದರೆ ನಮ್ಮ ಭಾವ ಹೇಳಿದ್ದೇ ಕ್ರಮ. ಕೀ ತಿರುಗಿಸಿ ಎಂಜಿನ್ ಬಂದ್ ಮಾಡಬೇಡಿ. ಬಂದಾದರೆ ಬ್ರೇಕಿಗೂ ಪವರ್ ಸ್ಟಿಯರಿಂಗಿಗೂ ಸಿಗುವ ಸಹಾಯ ನಿಂತುಹೋಗುತ್ತದೆ, ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಒಂದೊಂದೇ ಗೇರ್ ಇಳಿಸಿ, ಪೆಡಲ್ ಪಂಪ್ ಮಾಡಿ, ಹಾರ್ನ್ ಮತ್ತು ಲೈಟ್ ಹಾಕಿಕೊಂಡಿರಿ. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಬಿಗಿದು ಕಾರು ಅಡ್ಡ ತಿರುಗುತ್ತದೆ. ಕೊನೆಗೆ ಗುಡ್ಡೆಯ ಬದಿ. ಬಾಗಿಲು ಹೋದರೆ ಹೋಗಲಿ.

ಆದಿತ್ಯವಾರದ ಇಪ್ಪತ್ತು ನಿಮಿಷ

ಅಂದಿನಿಂದ ಪ್ರತಿ ಆದಿತ್ಯವಾರ ಬೆಳಿಗ್ಗೆ, ಕಾಫಿ ಕುಡಿದು ತೋಟಕ್ಕೆ ಇಳಿಯುವ ಮೊದಲು, ಬಾನೆಟ್ ಎತ್ತುತ್ತೇನೆ. ಬೆಳಿಗ್ಗೆಯೇ ಏಕೆಂದರೆ ಎಂಜಿನ್ ತಣ್ಣಗಿರುತ್ತದೆ, ಎಲ್ಲದರ ಮಟ್ಟ ಸರಿಯಾಗಿ ಸಿಗುತ್ತದೆ. ಕಾರು ಸಮತಟ್ಟಿನಲ್ಲಿ ಇರಬೇಕು.

ಮೊದಲು ಎಂಜಿನ್ ಆಯಿಲಿನ ಕಡ್ಡಿ. ಎಳೆದು, ಬಟ್ಟೆಯಲ್ಲಿ ಒರೆಸಿ, ಪುನಃ ಮುಳುಗಿಸಿ ತೆಗೆದಾಗ ಎರಡು ಗುರುತುಗಳ ನಡುವೆ ಇರಬೇಕು. ಬಣ್ಣ ಕಪ್ಪಾದರೆ ಹೆದರಬೇಡಿ, ಅದು ಕಪ್ಪಾಗುವುದೇ. ಹಾಲು ಹಾಕಿದ ಕಾಫಿಯಂತೆ ಕಂಡರೆ ಮಾತ್ರ ಹೆದರಿ. ಎಂಜಿನ್ ಒಳಗೆ ನೀರು ಸೇರಿದೆ, ಕಾರು ಹೊರಡಿಸಬೇಡಿ. ಓಡುತ್ತಿರುವಾಗ ಆಯಿಲ್ ಕೊಡದ ಕೆಂಪು ದೀಪ ಉರಿದರೆ "ಮನೆ ಹತ್ತಿರ ಬಂತು, ಇನ್ನೊಂದು ಮೈಲಿ" ಅನ್ನುವಂತಿಲ್ಲ. ಆ ಒಂದು ಮೈಲಿಯಲ್ಲಿ ಎಂಜಿನ್ ಹಿಡಿದುಕೊಳ್ಳಲು ಸಾಕು.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಬೂಸ್ಟಿನಂಥದ್ದು ಹಿಡಿದಿದ್ದರೆ ಬಿಸಿನೀರಿಗೆ ಅಡಿಗೆ ಸೋಡ ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಿ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಎಷ್ಟು ಸಿಹಿಯಾದರೂ ಅದಕ್ಕಲ್ಲ.

ಟಯರಿನ ಗಾಳಿಯ ಲೆಕ್ಕ ಡ್ರೈವರ್ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿದೆ. ಮೂಟೆ ಹೇರಿದಾಗ ಎಷ್ಟು ಎಂಬುದೂ ಅಲ್ಲೇ ಇರುತ್ತದೆ. ಓಡಿ ಬಿಸಿಯಾದ ಟಯರಿನಲ್ಲಿ ಗಾಳಿ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಬಿಡಬೇಡಿ. ಟಯರ್ ಒಡೆಯುವುದು ಗಾಳಿ ಹೆಚ್ಚಾಗಿ ಎಂದು ನಮ್ಮವರ ನಂಬಿಕೆ. ನಿಜವಾಗಿ ಕಡಿಮೆ ಗಾಳಿಯಲ್ಲಿ ಬದಿಗಳು ಮಡಚಿ ಮಡಚಿ ಕಾದು ಒಡೆಯುವುದೇ ಜಾಸ್ತಿ. ಚಡಿಯ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ಗಂಟು ಇರುತ್ತದೆ, 1.6 ಮಿಲಿಮೀಟರ್ ಎತ್ತರದ್ದು. ಚಡಿ ಸವೆದು ಅದರ ಮಟ್ಟಕ್ಕೆ ಬಂದರೆ ಟಯರ್ ಆಯುಷ್ಯ ಮುಗಿಯಿತು. ಬದಿಯಲ್ಲಿ ಒಂದು ಸಣ್ಣ ಗೆರೆಯೊಳಗೆ ನಾಲ್ಕು ಅಂಕಿ ಇದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಓದಲು ಕಲಿತರೆ ಮಾರುವವನ ಮುಖ ಸ್ವಲ್ಪ ಬದಲಾಗುತ್ತದೆ.

ನಮ್ಮ ಊರಿನ ವಿಶೇಷ ಶತ್ರು ಇಲಿ. ಶೆಡ್ಡಿನ ಮೂಲೆಯಲ್ಲಿ ತೆಂಗಿನಕಾಯಿ ರಾಶಿ, ಪಕ್ಕದಲ್ಲಿ ಗೋಟಡಿಕೆ ಚೀಲ. ಇಲಿಗೆ ಊಟ ಅಲ್ಲಿ, ಬೆಚ್ಚಗಿನ ಮನೆ ಬಾನೆಟ್ ಕೆಳಗೆ. ಒಂದು ಮಳೆಗಾಲದಲ್ಲಿ ನಮ್ಮ ಕಾರಿನ ವಯರು ಎರಡು ಸಲ ತುಂಡಾಗಿತ್ತು. ಹೊಗೆಸೊಪ್ಪು ಇಟ್ಟೆ, ನುಸಿಗುಳಿಗೆ ಕಟ್ಟಿದೆ. ನಾಲ್ಕು ದಿನ ದೂರ ಹೋಗಿ ಐದನೆಯ ದಿನ ಅದರ ಪಕ್ಕವೇ ಗೂಡು! ಕಾಯಿ ರಾಶಿಯನ್ನು ಬೇರೆ ಕಡೆ ಹಾಕಿದ ಮೇಲೆ ಕಡಿಮೆಯಾಯಿತು. ಇಲಿ ಹುಡುಕಿ ಹಾವು ಬರುವುದೂ ಉಂಟು, ಬಾನೆಟ್ ಎತ್ತಿದ ಕೂಡಲೇ ಕೈ ಹಾಕಬೇಡಿ.

ರೇಡಿಯೇಟರ್ ಮತ್ತು ನನ್ನ ಕೈ

ನನ್ನ ಎಡಗೈಯ ಮೊಣಗಂಟಿನ ಕೆಳಗೆ ಒಂದು ಬಿಳಿ ಕಲೆ ಇದೆ. ಅದು ಕಾರು ಕೊಳ್ಳುವುದಕ್ಕೂ ಮೊದಲು, ಪರಿಚಯದವರ ಜೀಪು ಕಾದು ನಿಂತಾಗ ಸಹಾಯ ಮಾಡಲು ಹೋಗಿ ಆದದ್ದು. ರೇಡಿಯೇಟರಿನ ಮುಚ್ಚಳಕ್ಕೆ ಬೈರಾಸು ಸುತ್ತಿ ತಿರುಗಿಸಿದೆ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಹಾರುತ್ತದೆ. ಮುಖ ಸ್ವಲ್ಪ ಬದಿಗಿದ್ದುದು ಪುಣ್ಯ. ಗಾಯಕ್ಕೆ ಯಾರೋ ಟೂತ್‌ಪೇಸ್ಟ್ ಬಳಿದರು, ಅದು ಇನ್ನೊಂದು ತಪ್ಪು. ಸುಟ್ಟ ಜಾಗಕ್ಕೆ ಬೇಕಾದದ್ದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಮತ್ತೆ ಡಾಕ್ಟರು.

ಉಷ್ಣತೆಯ ಮುಳ್ಳು ಕೆಂಪಿನ ಕಡೆ ಹೊರಟರೆ ಏಸಿ ಬಂದ್ ಮಾಡಿ. ಹೀಟರನ್ನು ಪೂರ್ತಿ ತಿರುಗಿಸಿ ಫ್ಯಾನ್ ಹಾಕಿ. ಸೆಕೆಗಾಲದಲ್ಲಿ ಇದು ಹುಚ್ಚೆನಿಸಬಹುದು. ಆದರೆ ಎಂಜಿನಿನ ಬಿಸಿಯನ್ನು ಕಾರಿನೊಳಗೆ ಎಳೆದು ಹೊರಹಾಕುವ ಇನ್ನೊಂದು ಸಣ್ಣ ರೇಡಿಯೇಟರ್ ಅದು, ನಿಲ್ಲಿಸಲು ಜಾಗ ಸಿಗುವವರೆಗೆ ಜೀವ ಉಳಿಸುತ್ತದೆ. ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಕೈಯಿಟ್ಟರೆ ಸುಡದಷ್ಟು ತಣಿದ ಮೇಲೆಯೇ ಮುಚ್ಚಳ. ಕಾದ ಎಂಜಿನಿಗೆ ತಣ್ಣೀರು ಹೊಯ್ದರೆ ಹೆಡ್ ಬಿರಿಯಬಹುದು. ದಾರಿಯಲ್ಲಿ ಬರೇ ನೀರು ತುಂಬಿಸಿ ಮನೆ ಸೇರುವುದಕ್ಕೆ ಅಡ್ಡಿಯಿಲ್ಲ, ಆದರೆ ಅದನ್ನೇ ಬಿಟ್ಟರೆ ಒಳಗೆಲ್ಲ ತುಕ್ಕು. ಕೂಲೆಂಟ್ ಹಾಕಿಸಿ, ಸೋರಿದ್ದೆಲ್ಲಿ ಎಂದು ಹುಡುಕಿಸಿ.

ಅಂಗಳದಲ್ಲೇ ಒಂದು ಸಲ ಪಂಕ್ಚರ್ ಮಾಡಿ

ಅಂದರೆ ಮೊಳೆ ಹೊಡೆಯಿರಿ ಎಂದಲ್ಲ. ಒಂದು ರಜಾದಿನ ಮನೆಯ ಅಂಗಳದಲ್ಲಿ, ಹಗಲು ಹೊತ್ತು, ಚಕ್ರ ಬದಲಿಸಿ ನೋಡಿ. ನಾವು ಹಾಗೆ ಮಾಡಿದಾಗ ಮೊದಲು ಗೊತ್ತಾದದ್ದು ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲ ಎಂಬುದು. ಮತ್ತೆ ಗೊತ್ತಾದದ್ದು ಟಯರಿನವರು ಮೆಷಿನ್‌ನಲ್ಲಿ ಬಿಗಿದ ನಟ್ಟು ಕಾರಿನ ಜೊತೆ ಬಂದ ಮೋಟು ಸ್ಪಾನರಿಗೆ ಜಗ್ಗುವುದಿಲ್ಲ ಎಂಬುದು. ಸ್ಪ್ರಿಂಕ್ಲರಿನ ಹಳೆಯ ಜಿ.ಐ. ಪೈಪಿನ ಎರಡಡಿ ತುಂಡನ್ನು ಸ್ಪಾನರಿನ ಹಿಡಿಗೆ ತೂರಿಸಿದೆ. ಆ ಉದ್ದಕ್ಕೆ ನನ್ನ ಹೆಂಡತಿಯೇ ಒಂದೇ ಕೈಯಲ್ಲಿ ಸಡಿಲಿಸಿದಳು. ಈಗ ಆ ಪೈಪಿನ ತುಂಡು ಡಿಕ್ಕಿಯ ಖಾಯಂ ಸದಸ್ಯ.

ನಟ್ಟನ್ನು ಜಾಕ್ ಏರಿಸುವ ಮೊದಲು, ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಏರಿಸಿದ ಮೇಲೆ ಚಕ್ರವೇ ತಿರುಗುತ್ತದೆ, ಜೋರು ಮಾಡಿದರೆ ಕಾರು ಜಾಕಿನಿಂದ ಬೀಳುತ್ತದೆ. ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಮೂಲೆಗೆ ಮೂಲೆಯ ಚಕ್ರಕ್ಕೆ ಅಡ್ಡ ಕೊಡುವುದು, ಇಷ್ಟಾಗದೆ ಜಾಕ್ ಮುಟ್ಟಬೇಡಿ. ಮಳೆಗಾಲದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗೆ ಒಂದು ಹಲಗೆ ಬೇಕು. ಜಾಕ್ ಕೊಡುವ ಜಾಗ ಬಾಗಿಲಿನ ಕೆಳಗಿನ ಅಂಚಿನಲ್ಲಿ ಗುರುತು ಮಾಡಿರುತ್ತದೆ, ಸಿಕ್ಕಲ್ಲಿ ಕೊಟ್ಟರೆ ತಗಡು ಒಳಗೆ ಹೋಗುತ್ತದೆ. ಬರೇ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಕೈಯೋ ತಲೆಯೋ ಹಾಕಲೇಬೇಡಿ. ಹೊಸ ಚಕ್ರ ಹಾಕಿದ ಮೇಲೆ ನಟ್ಟುಗಳನ್ನು ಎದುರುಬದಿರು ಬಿಗಿಯುತ್ತಾ ಬನ್ನಿ. ಕೊನೆಯ ಬಿಗಿ ಕಾರು ಇಳಿಸಿದ ಮೇಲೆ. ಐವತ್ತು ಕಿಲೋಮೀಟರ್ ಓಡಿ ಇನ್ನೊಮ್ಮೆ ಬಿಗಿಯಿರಿ.

ಓಡುತ್ತಿರುವಾಗಲೇ ಟಯರ್ ಒಡೆದರೆ ಬ್ರೇಕಿಗೆ ಕಾಲು ಹೋಗದಂತೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಂಡಿರಬೇಕು. ಸ್ಟಿಯರಿಂಗ್ ಎರಡೂ ಕೈಯಲ್ಲಿ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ತಾನಾಗಿ ನಿಧಾನವಾಗಲು ಬಿಡಿ.

ಬ್ಯಾಟರಿ ಸತ್ತರೆ ಇನ್ನೊಂದು ಕಾರಿನಿಂದ ಕೇಬಲ್ ಕೊಡುವುದಕ್ಕೂ ಕ್ರಮ ಇದೆ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್ಸಿಗೆ. ಕಪ್ಪು ಒಳ್ಳೆಯದರ ಮೈನಸ್ಸಿಗೆ, ಅದರ ಇನ್ನೊಂದು ತುದಿಯನ್ನು ಸತ್ತ ಬ್ಯಾಟರಿಗಲ್ಲ, ಅದರಿಂದ ದೂರ ಎಂಜಿನಿನ ಪೈಂಟ್ ಇಲ್ಲದ ಕಬ್ಬಿಣಕ್ಕೆ. ಬ್ಯಾಟರಿಯಿಂದ ಹೊರಡುವ ಅನಿಲ ಒಂದು ಕಿಡಿಗೆ ಸ್ಫೋಟಿಸಬಹುದು, ಅದಕ್ಕಾಗಿ ಈ ಸುತ್ತು. ಬೀಡಿ ಸೇದುವ ನೆಂಟರನ್ನು ದೂರ ನಿಲ್ಲಿಸಿ. ಕೇಬಲ್ ಇಲ್ಲದಿದ್ದರೆ ದೂಡುವುದು ಇದ್ದೇ ಇದೆ. ಕೀ ಆನ್, ಕ್ಲಚ್ ಒತ್ತಿ ಎರಡನೇ ಗೇರ್, ವೇಗ ಬಂದಾಗ ಕ್ಲಚ್ ಬಿಡುವುದು. ಗೇರ್ ತಾನೇ ಬದಲಾಗುವ ಕಾರುಗಳಿಗೆ ಇದು ನಡೆಯದು. ಡೀಸೆಲ್ ಪಿಕಪ್ ಇದ್ದವರಿಗೆ ಒಂದೇ ಮಾತು, ಟ್ಯಾಂಕ್ ಪೂರ್ತಿ ಖಾಲಿಯಾಗಲು ಬಿಡಬೇಡಿ. ಪೈಪಿಗೆ ಗಾಳಿ ಹೊಕ್ಕರೆ ಡೀಸೆಲ್ ತಂದು ಹೊಯ್ದರೂ ಸ್ಟಾರ್ಟ್ ಆಗುವುದಿಲ್ಲ, ಗಾಳಿ ತೆಗೆಯಲು ಗೊತ್ತಿದ್ದವರು ಬೇಕು.

ನೀರಿನ ವಿಷಯ. ತೋಡು ಉಕ್ಕಿ ರಸ್ತೆಯ ಮೇಲೆ ಹರಿಯುವಾಗ ದಾಟಬೇಡಿ. ಒಂದು ಅಡಿ ಹರಿವ ನೀರು ಸಣ್ಣ ಕಾರನ್ನು ಎತ್ತಬಲ್ಲದು. ನಿಂತ ನೀರಿನಲ್ಲಿ ಎಂಜಿನ್ ಬಂದಾದರೆ ಪುನಃ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ಹೊಕ್ಕ ನೀರನ್ನು ಪಿಸ್ಟನ್ ಅಮುಕಲು ಹೋಗಿ ಕಂಬಿ ಬಗ್ಗುತ್ತದೆ. ದೂಡಿ ಹೊರತನ್ನಿ. ನೀರು ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರ ಒತ್ತಿ ಒಣಗಿಸಿಕೊಳ್ಳಿ.

ಕೆಸರಿನಲ್ಲಿ ಚಕ್ರ ತಿರುಗುತ್ತಾ ಹೂತುಹೋದರೆ ನಮ್ಮಲ್ಲಿ ಮದ್ದು ಬೇಕಾದಷ್ಟಿದೆ. ಸೋಗೆ, ತೆಂಗಿನ ಸಿಪ್ಪೆ, ಅಡಿಕೆ ಹಾಳೆ. ನಾನು ಎರಡು ಒಣ ಹಾಳೆ ಡಿಕ್ಕಿಯಲ್ಲಿ ಇಟ್ಟಿರುತ್ತೇನೆ, ಚಕ್ರಕ್ಕೆ ಬೇಡವಾದ ದಿನ ಕೆಸರಿನಲ್ಲಿ ಮೊಣಕಾಲೂರಲು ಆಗುತ್ತದೆ. ಜೊತೆಗೆ ತಲೆಗೆ ಕಟ್ಟುವ ಟಾರ್ಚು, ಹಗ್ಗ, ಐದು ಲೀಟರ್ ನೀರು, ಇಕ್ಕಳ, ಇನ್ಸುಲೇಷನ್ ಟೇಪು, ನಾಲ್ಕು ಫ್ಯೂಸು, ಜಾಕಿನ ಹಲಗೆ.

ರಸ್ತೆಯ ಕಲ್ಲು

ಕಾರು ಕೆಟ್ಟು ನಿಂತಾಗ ಕಾರಿಗಿಂತ ಮೊದಲು ಜನ. ಎಲ್ಲರನ್ನೂ ಇಳಿಸಿ, ರಸ್ತೆಯಿಂದ ದೂರ ಬದಿಗೆ ಕಳಿಸಿ. ಕಾರಿನ ಹಿಂದೆ ನಿಂತು ಮಾತನಾಡುವವರು ಕಾರಿನ ದೀಪವನ್ನೇ ಮುಚ್ಚುತ್ತಾರೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿ. ಕೆಂಪು ತ್ರಿಕೋನವನ್ನು ಐವತ್ತು ಹೆಜ್ಜೆಗೂ ಹಿಂದೆ ಇಡಿ, ತಿರುವಿನಲ್ಲಿ ನಿಂತಿದ್ದರೆ ತಿರುವಿಗೂ ಮೊದಲು. ತ್ರಿಕೋನ ಇಲ್ಲದಿದ್ದರೆ ನಮ್ಮ ಕ್ರಮದಂತೆ ಸೊಪ್ಪಿನ ಕೊಂಬೆ ಆಗಬಹುದು, ರಾತ್ರಿ ಅದು ಕಾಣುವುದಿಲ್ಲ ಎಂಬುದು ನೆನಪಿರಲಿ.

ಘಟ್ಟದಲ್ಲಿ ಫೋನ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ. ದಾಟಿದ ಕಿಲೋಮೀಟರ್ ಕಲ್ಲಿನ ಅಂಕಿ ನೋಡಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದು, ಯಾರ ಹತ್ತಿರವಾದರೂ ಹೇಳಿ ಕಳಿಸಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಎಲ್ಲ ತುರ್ತಿಗೂ 112, ಆಂಬುಲೆನ್ಸಿಗೆ 108. ಅಪಘಾತ ಕಂಡರೆ ಕೋರ್ಟು ಕಚೇರಿ ಸುತ್ತಬೇಕಾದೀತೆಂದು ಮುಂದೆ ಹೋಗುವವರಿದ್ದಾರೆ. ಆ ಹೆದರಿಕೆ ಈಗ ಬೇಡ. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರ ರಕ್ಷಣೆಯ ನಿಯಮಗಳನ್ನು ಕಡ್ಡಾಯ ಮಾಡಿತು, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಅದು ಕಾನೂನೇ ಆಯಿತು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಸಾಕ್ಷಿಯಾಗೆಂದು ಒತ್ತಾಯಿಸುವಂತಿಲ್ಲ.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ಲಾರಿ, ಜೀಪು ಕೆಟ್ಟರೆ ಚಕ್ರಕ್ಕೆ ಕಲ್ಲು ಕೊಡುತ್ತೇವೆ, ಸುತ್ತಲೂ ರಸ್ತೆಗೆ ನಾಲ್ಕು ಕಲ್ಲು ಇಡುತ್ತೇವೆ. ಗಾಡಿ ಸರಿಯಾದ ಕೂಡಲೇ ಹತ್ತಿ ಹೊರಡುತ್ತೇವೆ, ಕಲ್ಲು ಅಲ್ಲೇ. ರಾತ್ರಿ ಮಳೆಯಲ್ಲಿ ಬೈಕಿನವನಿಗೆ ಅದು ಕಾಣುವುದು ಮುಂದಿನ ಚಕ್ರ ತಾಗಿದ ಮೇಲೆ. ನಮ್ಮ ಊರಿಗೆ ಕೊನೆಯ ಬಸ್ಸು ತಪ್ಪಿದರೆ ಬೈಕಿನಲ್ಲೇ ಬರುವ ಹುಡುಗರು ಎಷ್ಟು ಜನ! ಹಾಲಿನ ಡಿಪ್ಪೋಗೆ ಬರುತ್ತಿದ್ದ ಒಬ್ಬ ಹುಡುಗ ಇಂಥ ಕಲ್ಲಿಗೆ ಬಿದ್ದು ಆರು ತಿಂಗಳು ಮಲಗಿದ. ಕಲ್ಲು ಇಟ್ಟವರು ಯಾರೆಂದು ಗೊತ್ತಾಗಲಿಲ್ಲ, ಗೊತ್ತಾಗುವುದೂ ಇಲ್ಲ. ಅಂದು ಚಾರ್ಮಾಡಿಯಲ್ಲಿ ಕಾರನ್ನು ಹಗ್ಗ ಕಟ್ಟಿ ಚರಂಡಿಯಿಂದ ಎಳೆದಾದ ಮೇಲೆ ನಾವೂ ಹತ್ತಿ ಕೂತಾಗಿತ್ತು. ಭಾವ ಬಾಗಿಲು ತೆರೆದು ಪುನಃ ಇಳಿದರು. ನಾವು ಇಟ್ಟಿದ್ದ ಐದು ಕಲ್ಲನ್ನೂ ಎಣಿಸಿ ಎತ್ತಿ ಗುಡ್ಡೆ ಬದಿಗೆ ಹಾಕಿ ಬಂದರು.

ಈಗ ನಾನು ಮರದ ಎರಡು ತ್ರಿಕೋನ ಅಡ್ಡೆ ಮಾಡಿಸಿ ಇಟ್ಟುಕೊಂಡಿದ್ದೇನೆ. ಹಲಸಿನ ಮರದ್ದು, ಊರಿನ ಆಚಾರಿ ಕೂಲಿ ಬೇಡವೆಂದು ಮಾಡಿಕೊಟ್ಟದ್ದು. ಎರಡಕ್ಕೂ ಸೇರಿಸಿ ಒಂದೇ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಡ್ರೈವರ್ ಬಾಗಿಲಿನ ಹಿಡಿಗೆ ಸಿಕ್ಕಿಸುತ್ತೇನೆ. ಅದನ್ನು ಬಿಚ್ಚದೆ ಬಾಗಿಲು ತೆರೆಯುವುದಿಲ್ಲ.